ಗೋಡೆ ಬಿತ್ತು ಅಂದರೆ ಸಾಲದಾ?

ಮಳವಳ್ಳಿ ಕಡೆಯ ಮೇಷ್ಟ್ರೊಬ್ಬರ ಕಾಗದ: "ಮಳೆಗೆ ಮನೆ ಕಳೆದುಕೊಂಡ ಹೆಂಗಸಿನ ಬಗ್ಗೆ ಹೋದ ಸಂಚಿಕೆಯಲ್ಲಿ ಬಂದ ವರದಿ ತೀರಾ ಸಪ್ಪೆ. 'ಗೋಡೆ ಬಿತ್ತು' ಅಂತ ಬರೆದು ಕೈತೊಳೆದುಕೊಂಡಿದ್ದೀರಿ. 'ಮನೆ ಧ್ವಂಸಗೊಂಡು ಬದುಕು ಛಿದ್ರವಾಯಿತು' ಅಂತ ಬರೆಯೋಕೆ ಏನು ಕಷ್ಟ? ಧ್ವಂಸ ಪದವನ್ನು ಸ್ವಂತ ವಾಕ್ಯದಲ್ಲಿ ಬಳಸಿ ಅಂತ ಕೊಟ್ಟರೆ ನನ್ನ ಎಂಟನೇ ಕ್ಲಾಸಿನ ಮಕ್ಕಳಲ್ಲಿ ಅರ್ಧ ಜನ 'ಮಳೆಗೆ ಮನೆ ಧ್ವಂಸವಾಯಿತು' ಅಂತ ಬರೆದಿದ್ದಾರೆ. ಅವರಿಗೆ ಗೊತ್ತಿರೋದು ನಿಮಗೆ ಗೊತ್ತಿಲ್ವಾ?"

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ. ಮಕ್ಕಳಿಗೆ ಪೂರ್ತಿ ಅಂಕ ಕೊಡಿ, ವಾಕ್ಯ ಸರಿಯಾಗೇ ಇದೆ. ಆದರೆ ವರದಿಯಲ್ಲಿ ನಾವು ಹಾಗೆ ಬರೆಯಲ್ಲ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

ಧ್ವಂಸ ಅಂದ ಕೂಡಲೇ ಓದುಗ ಮಾಡಿದವನನ್ನು ಹುಡುಕುತ್ತಾನೆ. ಜೆಸಿಬಿ ತಂದವನೋ, ಕಲ್ಲು ತೂರಿದವನೋ, ದಂಡೆತ್ತಿ ಬಂದವನೋ. ಮೂರು ದಿನ ಜಿಟಿಜಿಟಿ ಹಿಡಿದ ಮಳೆಗೆ ನೆನೆದು ನೆನೆದು ಮಣ್ಣಿನ ಗೋಡೆ ಬೆಳಗಿನ ಜಾವ ಒಳಕ್ಕೆ ವಾಲಿಕೊಂಡರೆ ಅದಕ್ಕೆ 'ಬಿತ್ತು' ಅನ್ನೋದೇ ಸರಿ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ ನೆನಪಿದೆಯಲ್ಲ? 2012ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಬಿದ್ದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರ್ಕೆಟ್ಟಿನ ಉತ್ತರದ ಬಾಗಿಲ ಕಡೆ ಬಿತ್ತು. ಎರಡಕ್ಕೂ 'ಕುಸಿಯಿತು' ಸರಿಹೊಂದುತ್ತದೆ. ಆಮೇಲೆ ಶುರುವಾಯಿತು ನೋಡಿ ಜಗಳ, ಕೆಡವಿ ಹೊಸದು ಕಟ್ಟಬೇಕಾ, ಇರೋದನ್ನೇ ರಿಪೇರಿ ಮಾಡಬೇಕಾ ಅಂತ, ಅದು ವರ್ಷಗಟ್ಟಲೆ ಎಳೆದು ಕೋರ್ಟಿಗೂ ಹೋಯಿತು. 'ಕುಸಿಯಿತು' ಅಂದರೆ ಜನ ಯಾಕೆ ಅಂತ ಕೇಳ್ತಾರೆ. 'ಕೆಡವಿದರು' ಅಂದರೆ ಯಾರು ಅಂತ ಕೇಳ್ತಾರೆ. ಎರಡಕ್ಕೂ 'ಧ್ವಂಸವಾಯಿತು' ಅಂತ ಬರೆದುಬಿಟ್ಟರೆ ಸದ್ದು ಜೋರಾಗಿ ಬರುತ್ತೆ, ಪ್ರಶ್ನೆ ಮಾತ್ರ ಕಳೆದುಹೋಗುತ್ತೆ.

ಹಾಗಂತ ಜೋರಿನ ಕ್ರಿಯಾಪದಕ್ಕೆ ನಾವೇನು ಹೆದರಿ ಕೂತಿಲ್ಲ. 2018ರ ಪ್ರವಾಹದಲ್ಲಿ ನಿಮ್ಮ ಪಕ್ಕದ ಶಿವನಸಮುದ್ರದ ಹಳೇ ವೆಸ್ಲಿ ಸೇತುವೆಯ ಒಂದು ಭಾಗ ಕೊಚ್ಚಿಕೊಂಡು ಹೋಯಿತು. ಅಲ್ಲಿ 'ಕೊಚ್ಚಿಹೋಯಿತು' ಅನ್ನದೆ ಬೇರೇನು ಬರೆದರೂ ಕಮ್ಮಿಯೇ. ಆದರೆ ಕೆಆರ್‌ಎಸ್‌ನಿಂದ ನೀರು ಜಾಸ್ತಿ ಬಿಟ್ಟಾಗ ಶ್ರೀರಂಗಪಟ್ಟಣದ ಸ್ನಾನಘಟ್ಟ, ರಂಗನತಿಟ್ಟಿನ ನಡುಗಡ್ಡೆಗಳು ಮುಳುಗುತ್ತವೆ, ನೀರಿಳಿದ ಮೇಲೆ ಇದ್ದಲ್ಲೇ ಇರುತ್ತವೆ. ಅದಕ್ಕೂ ಕೊಚ್ಚಿಹೋಯಿತು ಅಂತ ಹಾಕಿ ನೋಡಿ, ಬೆಂಗಳೂರಲ್ಲಿರೋ ನೆಂಟರೆಲ್ಲ ಫೋನ್ ಮಾಡ್ತಾರೆ.

ಈಗ ಆ ಹೆಂಗಸಿನ ವಿಷಯಕ್ಕೆ ಬರ್ತೀನಿ. ನಮ್ಮ ಹುಡುಗ ಹೋದಾಗ ಅವರು ಬಿದ್ದ ಗೋಡೆಯ ಮುಂದೆ ಪಕ್ಕದ ಮನೆಯಿಂದ ಇಸ್ಕೊಂಡು ಬಂದ ಮೊರ ಹಿಡಿದು ಕೂತಿದ್ದರು. ರಾಗಿ ಮೂಟೆ ಒಡೆದು ಕೆಸರಲ್ಲಿ ಕಲಸಿಹೋಗಿತ್ತು. ಒಣಗಿದಷ್ಟನ್ನು ಮೊರಕ್ಕೆ ತುಂಬಿಕೊಂಡು ಕೇರೋದು, ಹೆಂಟೆ ಆರಿಸಿ ಎಸೆಯೋದು, ಮತ್ತೆ ಕೇರೋದು. "ರಾಗಿಯೆಲ್ಲಾ ಮಣ್ಣಾಯ್ತು ಕಣಪ್ಪಾ" ಅಂದರು. ಆಮೇಲೆ, "ತಾಲ್ಲೂಕ್ ಆಫೀಸಲ್ಲಿ ಫೋಟೊ ಕೇಳ್ತಾರಂತೆ, ಒಂದು ತೆಗೆದುಕೊಡ್ತೀಯಾ?" ಅಂದರು. ಇವರ ಬದುಕು ಛಿದ್ರವಾಯಿತು ಅಂತ ತೀರ್ಮಾನ ಮಾಡೋಕೆ ನಾವ್ಯಾರು ಮೇಷ್ಟ್ರೇ? ಅವರಿಗೆ ಅವತ್ತು ಸಂಜೆಯೊಳಗೆ ಮಾಡಬೇಕಾದ ಕೆಲಸ ಬೇಕಾದಷ್ಟಿತ್ತು.

'ಮಣ್ಣಾಯ್ತು' ಅನ್ನೋದನ್ನು ಸುಮ್ನೆ ಒಂದ್ಸಲ ಬಾಯಲ್ಲಿ ಹೇಳಿ ನೋಡಿ. ಹಾಳಾದ್ದು ಏನಾಯಿತು ಅಂತ ಹೇಳಿಬಿಡೋದು ನಮ್ಮ ಜನರ ಅಭ್ಯಾಸ. ಬೂದಿಯಾಯ್ತು, ನೀರುಪಾಲಾಯ್ತು, ಹೆಣವಾದ. ಅಲಮೇಲಮ್ಮ ಮಾಲಂಗಿ ಮಡುವಿಗೆ ಹಾರುವಾಗ ಕೊಟ್ಟಳು ಅಂತ ಜನ ಹೇಳೋ ಶಾಪ ನಿಮ್ಮ ಕಡೆಯದೇ ಅಲ್ವಾ, ತಲಕಾಡು ನಿಮಗೇನು ದೂರ? ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದೆ ಹೋಗಲಿ. ಒಂದು ಊರು, ಒಂದು ಹಳ್ಳಿ, ಒಂದು ವಂಶ. ಮೂರನ್ನೂ ಮುಗಿಸೋಕೆ ಅವಳಿಗೆ 'ಆಗು' ಸಾಕಾಯಿತು. ಅಲ್ಲಿ 'ಧ್ವಂಸವಾಗಲಿ' ಅಂತ ಹಾಕಿ ಓದಿ ನೋಡಿ, ಶಾಪ ಹೋಗಿ ಮನವಿಪತ್ರ ಆಗುತ್ತೆ.

ದುಃಖದ ವಿಷಯದಲ್ಲಿ ಕಷ್ಟ ಇನ್ನೂ ಜಾಸ್ತಿ. 2018ರ ನವೆಂಬರ್ 24, ಶನಿವಾರ. ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ವಿ.ಸಿ. ನಾಲೆಗೆ ಖಾಸಗಿ ಬಸ್ ಬಿದ್ದು 30 ಜನ ಸತ್ತರು, ಸ್ಕೂಲು ಮುಗಿಸಿ ಮನೆಗೆ ಹೊರಟ ಮಕ್ಕಳೂ ಅದರಲ್ಲಿದ್ದರು. ಅವತ್ತೇ ರಾತ್ರಿ ಬೆಂಗಳೂರಲ್ಲಿ ಅಂಬರೀಶ್ ತೀರಿಕೊಂಡರು, ಮಾರನೇ ದಿನ ಅವರ ಪಾರ್ಥಿವ ಶರೀರವನ್ನು ಮಂಡ್ಯದ ಸ್ಟೇಡಿಯಮ್ಮಿಗೆ ತಂದರು. ಎರಡಕ್ಕೂ ಸಿದ್ಧವಾಗಿರೋ ಮಾತು ಒಂದೇ, 'ಶೋಕಸಾಗರದಲ್ಲಿ ಮುಳುಗಿದ ಮಂಡ್ಯ'. ಸ್ಟೇಡಿಯಮ್ಮಿನಲ್ಲಿ ಅಣ್ಣಾ ಅಣ್ಣಾ ಅಂತ ಕೂಗಿದವರ ದುಃಖ ಬೇರೆ. ಮಧ್ಯಾಹ್ನ ಊಟಕ್ಕೆ ಬರಬೇಕಾದ ಮಗು ಬರದೆ ಹೋದ ಮನೆಯದು ಬೇರೆ. ಅದರಲ್ಲೂ ನಾಲೆ ನೀರಲ್ಲಿ ಮಕ್ಕಳು ಹೋದ ಊರಿನ ಸುದ್ದಿಗೆ 'ಸಾಗರ', 'ಮುಳುಗು' ಅನ್ನೋ ಮಾತು ಬರೆಯೋಕೆ ನನಗಂತೂ ಕೈ ಬರಲ್ಲ. 'ಆಕ್ರಂದನ ಮುಗಿಲು ಮುಟ್ಟಿತು' ಕೂಡ ಹಾಗೇ, ಪ್ರತಿ ಅಪಘಾತದಲ್ಲೂ ಮುಟ್ಟಿ ಮುಟ್ಟಿ ಈಗ ಯಾರ ಕಿವಿಗೂ ಬೀಳಲ್ಲ.

ಜೋರಿನ ಮಾತು ಸವೆಯೋದು ಪತ್ರಿಕೆಯವರಿಂದ ಮಾತ್ರ ಅಂತಲೂ ಅಲ್ಲ ಬಿಡಿ. ನಮ್ಮ ಕಡೆ 'ಎಕ್ಕುಟ್ಟೋಯ್ತು' ಅಂತೀವಲ್ಲ, ಅದು ಎಕ್ಕ ಹುಟ್ಟಿ ಹೋಯ್ತು. ಮನೆಯೊಳಗೆ ಎಕ್ಕದ ಗಿಡ ಹುಟ್ಟಬೇಕಾದರೆ ಸೂರು ಬಿದ್ದಿರಬೇಕು, ಒಲೆ ಆರಿರಬೇಕು, ಗುಡಿಸೋಕೆ ಒಂದು ಜೀವವೂ ಉಳಿದಿರಬಾರದು. ಅಂಥಾ ಮಾತು ಈಗ ಮೊಬೈಲ್ ಚಾರ್ಜ್ ಹೋದರೂ ಬರುತ್ತೆ. ನಾನೂ ಅಂತೀನಿ, ಅನ್ನೋಕೆ ಮಜವಾಗೂ ಇರುತ್ತೆ. ಅಚ್ಚಿನಲ್ಲಿ ಮಾತ್ರ ಸ್ವಲ್ಪ ಕೈ ಬಿಗಿ ಹಿಡಿಯೋಣ ಅಂತ. ಸೆಖೆಗೆ ಮೈಸೂರು ತತ್ತರ, ಟೊಮೆಟೊ ರೇಟಿಗೆ ಗೃಹಿಣಿಯರು ತತ್ತರ ಅಂತ ಬರೆದು ಖಾಲಿ ಮಾಡಿದರೆ ನಿಜವಾಗಿ ಭೂಮಿ ನಡುಗಿದ ದಿನ ಏನು ಬರೆಯೋದು?

ಇನ್ನು ನಿಮ್ಮ ಕ್ಲಾಸು. ಮುಂದಿನ ಸಲ 'ಧ್ವಂಸ' ಕೊಡುವಾಗ ಜೊತೆಗೆ ಬೀಳು, ಕುಸಿ, ಕೆಡವು, ಕೊಚ್ಚಿಹೋಗು, ಮಣ್ಣಾಗು ಇವನ್ನೂ ಬೋರ್ಡ್ ಮೇಲೆ ಬರೀರಿ. ಪ್ರತಿ ವಾಕ್ಯದಲ್ಲೂ ಯಾರ ಮನೆ, ಯಾವ ಊರು ಅಂತ ಇರಲೇಬೇಕು ಅನ್ನಿ. ನಿಮ್ಮ ಊರಿನ ಮಕ್ಕಳು ಬಿದ್ದ ಗೋಡೆ ನೋಡಿಯೇ ಇರ್ತಾರೆ. ಅವರು ಬರೆದದ್ದನ್ನು ನಮಗೆ ಕಳಿಸಿಕೊಡಿ, ಒಂದು ಪುಟ ಮೀಸಲಿಡ್ತೀವಿ. ಕೆಂಪು ಇಂಕು ಹಾಕದೆ ಕಳಿಸಿ ಮೇಷ್ಟ್ರೇ, ಕಾಗುಣಿತ ನಾವು ನೋಡ್ಕೋತೀವಿ.