ಟಾಂಗ್ರಾದಲ್ಲಿ ಒಂದು ಸಂಜೆ

ಪ್ರಶ್ನೆ: ಡಿಸೆಂಬರ್‌ನಲ್ಲಿ ಕೋಲ್ಕತ್ತಾಗೆ ಹೊರಟಿದ್ದೇನೆ. ಅಲ್ಲಿನ ಚೀನೀಯರ ಬಡಾವಣೆ ಟಾಂಗ್ರಾದಲ್ಲಿ ಸಂಜೆ ಫೋಟೊ ತೆಗೆಯುವ ಆಸೆ. ಎಷ್ಟು ಹೊತ್ತಿಗೆ ಹೋಗಲಿ, ಮೇಡಂ?
– ಓದುಗರೊಬ್ಬರು, ಧಾರವಾಡ

ಉತ್ತರ: ಮೂರೂವರೆಗೇ ಹೋಗಿಬಿಡಿ. ಅಲ್ಲಿ ಆಗ 5 ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ, ನಮ್ಮ ಕಡೆಗಿಂತ ಸುಮಾರು ಒಂದು ಗಂಟೆ ಮೊದಲೇ. ಹಕ್ಕಾ ಸಮುದಾಯದ ಚೀನೀಯರು ಚರ್ಮ ಹದ ಮಾಡುತ್ತಿದ್ದ ಜಾಗ ಅದು. ಓಣಿಗಳಲ್ಲಿ ಸುಮ್ನೆ ಅಡ್ಡಾಡಿ, ಹಳೇ ಗೋಡೆಗಳ ಮೇಲಿನ ಬಿಸಿಲು ನೋಡಿ.

ಚೀನೀ ಕಾಳಿ ಗುಡಿಯನ್ನು ಮಾತ್ರ ಬಿಡಬೇಡಿ. ಅಲ್ಲಿ ದೇವಿಗೆ ನೂಡಲ್ಸ್ ನೈವೇದ್ಯ! ನಾನು ಹೋದಾಗ ಅಜ್ಜಿಯೊಬ್ಬರು ಊದುಬತ್ತಿ ಹಚ್ಚುತ್ತಿದ್ದರು. ಕೇಳದೇ ಕ್ಯಾಮೆರಾ ಎತ್ತಿದೆ. ಅವರು ಕೈಯಲ್ಲೇ ಮುಖ ಮುಚ್ಚಿಕೊಂಡರು. ತುಂಬಾ ನಾಚಿಕೆಯಾಯಿತು. ಕ್ಷಮೆ ಕೇಳಿ ಪಕ್ಕದಲ್ಲಿ ಕೂತೆ. ಆಮೇಲೆ ಅವರೇ ಹಿಂದಿಯಲ್ಲಿ, ‘ನನ್ನ ಕೈಯ ಫೋಟೊ ಮಾತ್ರ ತೆಗಿ’ ಅಂದರು. ಸುಕ್ಕುಗಟ್ಟಿದ ಬೆರಳು, ಊದುಬತ್ತಿಯ ಕೆಂಪು ಕಿಡಿ. ಆ ಫೋಟೊ ಈಗಲೂ ನನ್ನ ಮೇಜಿನ ಮೇಲಿದೆ.