ಕಥೆ ಗೊತ್ತಾದ ಮೇಲೆ ಮತ್ತೆ ನೋಡುವುದೇಕೆ?

ಕಥೆ ಗೊತ್ತಾದ ಮೇಲೂ ಒಂದೇ ಹಿಂದಿ ಚಿತ್ರವನ್ನು ಮತ್ತೆ ಮತ್ತೆ ನೋಡಿದರೆ ಹೊಸದಾಗಿ ಏನು ಸಿಗುತ್ತದೆ ಎಂದು ಕೇಳಿದ್ದೀರಿ. ನಾನು ಕಾಸರಗೋಡಿನ ಕುಂಬಳೆ ಕಡೆಯವನು. ಗದಾಯುದ್ಧದ ಯಕ್ಷಗಾನ ಆಟಕ್ಕೆ ಹೋಗುವ ನಮ್ಮವರು ಯಾರೂ ಕೌರವ ಗೆಲ್ಲುತ್ತಾನೋ ಸೋಲುತ್ತಾನೋ ಎಂದು ತಿಳಿಯಲು ಹೋಗುವುದಿಲ್ಲ. ಭಾಗವತರು ಪದವನ್ನು ಹೇಗೆ ಎತ್ತಿದರು, ವೇಷಧಾರಿ ಏನು ಅರ್ಥ ಹೇಳಿದ ಎಂಬುದಕ್ಕಾಗಿ ಬೆಳಗಿನವರೆಗೆ ಕೂರುತ್ತಾರೆ. ಸಿನಿಮಾ ಪ್ರತಿ ಸಲ ಅದೇ ಆಗಿರುತ್ತದೆ, ನಿಜ. ಆದರೆ ಮುಂದೇನು ಎಂಬ ಆತಂಕ ಕಳಚಿದೊಡನೆ ನಮ್ಮ ಕಣ್ಣಿಗೆ ಬಿಡುವು ಸಿಗುತ್ತದೆ.

ಗುರುದತ್ತರ ‘ಕಾಗಜ್ ಕೆ ಫೂಲ್’ (1959) ನೋಡಿ. ಮೊದಲ ಸಲ ಕಾಣುವುದು ಬಿದ್ದುಹೋದ ಒಬ್ಬ ನಿರ್ದೇಶಕನ ದುಃಖ, ಅಷ್ಟೇ. ಮಳೆಯಲ್ಲಿ ಅವನು ಕೊಟ್ಟ ಕೋಟನ್ನು ಹಿಂದಿರುಗಿಸಲು ಸ್ಟುಡಿಯೋಗೆ ಬಂದ ಹುಡುಗಿ, ಗೊತ್ತಿಲ್ಲದೆ ಕ್ಯಾಮೆರಾದ ಮುಂದೆ ನಡೆದುಬಿಡುತ್ತಾಳೆ. ಆಗ ಅದು ಹಗುರವಾದ ಸನ್ನಿವೇಶ. ಕೊನೆ ಗೊತ್ತಿದ್ದು ನೋಡುವಾಗ, ಇಬ್ಬರ ಬದುಕಿನ ದಾರಿಯೂ ಅಲ್ಲೇ ತಿರುಗಿತು ಎಂದು ಎದೆ ಭಾರವಾಗುತ್ತದೆ.

‘ವಕ್ತ್ ನೇ ಕಿಯಾ’ ಹಾಡನ್ನಂತೂ ಒಮ್ಮೆ ಧ್ವನಿ ನಿಲ್ಲಿಸಿ ನೋಡಲೇಬೇಕು. ಖಾಲಿ ಸ್ಟುಡಿಯೋದ ಕತ್ತಲೆಯನ್ನು ಸೀಳಿಕೊಂಡು ಇಳಿಯುವ ಬೆಳಕಿನ ಕೋಲು ನಮ್ಮ ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರ ಕೈಚಳಕ: ಕನ್ನಡಿಗಳಿಂದ ಬಿಸಿಲನ್ನೇ ಒಳಕ್ಕೆ ತಿರುಗಿಸಿದ್ದರು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರವಿದು. ಆ ಅಗಲವಾದ ಚೌಕಟ್ಟಿನಲ್ಲಿ ಪ್ರೇಮಿಗಳು ದೂರ ದೂರ ನಿಲ್ಲುತ್ತಾರೆ, ನಡುವಿನ ಕತ್ತಲೆಯೇ ಮಾತನಾಡುತ್ತದೆ. ಮೊಬೈಲಿನಲ್ಲಿ ಆ ದೂರ ಕಾಣುವುದಿಲ್ಲ, ಆದಷ್ಟು ದೊಡ್ಡ ಪರದೆ ಹುಡುಕಿ. ಇನ್ನೊಮ್ಮೆ ಕಣ್ಣು ಮುಚ್ಚಿ ಗೀತಾ ದತ್ತರ ದನಿಯನ್ನು ಮಾತ್ರ ಕೇಳಿ. ಕೈಫಿ ಆಜ್ಮಿಯವರ ಉರ್ದು ಪೂರ್ತಿ ಅರ್ಥವಾಗದಿದ್ದರೂ ಎಸ್.ಡಿ. ಬರ್ಮನ್ ಎಷ್ಟು ಕಡಿಮೆ ವಾದ್ಯಗಳಲ್ಲಿ ಮುಗಿಸಿದ್ದಾರೆ ಎಂಬುದು ಕಿವಿಗೆ ತಿಳಿಯುತ್ತದೆ.

ಗೀತಾ ಅವರು ಗುರುದತ್ತರ ಪತ್ನಿ, ಚಿತ್ರ ಸೋತ ಮೇಲೆ ಗುರುದತ್ತರು ತಮ್ಮ ಹೆಸರಿನಲ್ಲಿ ಮತ್ತೆ ನಿರ್ದೇಶಿಸಲಿಲ್ಲ ಎಂಬ ಸಂಗತಿಗಳನ್ನು ದಯವಿಟ್ಟು ಕೊನೆಗೆ ಇಟ್ಟುಕೊಳ್ಳಿ. ಅವನ್ನೇ ಮುಂದಿಟ್ಟುಕೊಂಡು ಇಡೀ ಚಿತ್ರವನ್ನು ಒಬ್ಬರ ಸಂಸಾರದ ಕಥೆಯಾಗಿ ಓದುವವರು ಬಹಳ ಮಂದಿ ಇದ್ದಾರೆ. ಬೆಳಕು, ಸಂಗೀತ, ನಟನೆಗಳಲ್ಲಿ ಅಷ್ಟು ಜನ ಪಟ್ಟ ಶ್ರಮಕ್ಕೆ ಅದು ಅನ್ಯಾಯವೆಂದು ನನ್ನ ಗಟ್ಟಿ ಅಭಿಪ್ರಾಯ.

ಎಲ್ಲ ಚಿತ್ರಗಳೂ ಹೀಗೆ ಮರುನೋಟಕ್ಕೆ ನಿಲ್ಲುವುದಿಲ್ಲ. ಎರಡನೆಯ ಸಲ ಬೇಸರ ಬಂದರೆ ಅರ್ಧಕ್ಕೇ ನಿಲ್ಲಿಸಿ ಬೇರೆಯದನ್ನು ಹಾಕಿಕೊಳ್ಳಿ.