ಮೊದಲು ಓಡಿ ಬರುವವರು ಪಕ್ಕದ ಮನೆಯವರು
(ಅಗ್ನಿಶಾಮಕ ದಳದ ನಿವೃತ್ತ ಅಧಿಕಾರಿಯೊಬ್ಬರು ಓದುಗರಿಗೆ ಉತ್ತರಿಸಿದ್ದಾರೆ)

ಪ್ರಶ್ನೆ: ನಮ್ಮ ಬೀದಿಗೆ ಒಮ್ಮೆ ನೀರು ನುಗ್ಗಿದ ಮೇಲೆ ಎಲ್ಲ ಮನೆಯವರೂ ಸೇರಿ ವಾಟ್ಸ್ಆ್ಯಪ್ ಗುಂಪು ಮಾಡಿಕೊಂಡಿದ್ದೇವೆ. ಹಗ್ಗ, ಟಾರ್ಚು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಲ್ಲ ತಂದಿಟ್ಟಿದ್ದೇವೆ. ಇಷ್ಟು ಸಾಕೇ?
- ನಿವಾಸಿಗಳ ಸಂಘದ ಕಾರ್ಯದರ್ಶಿ

ಉತ್ತರ: ತಂದಿಟ್ಟದ್ದು ಒಳ್ಳೆಯದಾಯಿತು. ಆ ಪೆಟ್ಟಿಗೆ ಈಗ ಯಾರ ಮನೆಯಲ್ಲಿದೆ? ಆ ಮನೆಯವರು ಊರಲ್ಲಿಲ್ಲದ ದಿನ ಬೀಗ ತೆಗೆಯುವವರು ಯಾರು? ತರಬೇತಿ ಕೊಡಲು ಹೋದಲ್ಲೆಲ್ಲ ನಾನು ಮೊದಲು ಕೇಳುತ್ತಿದ್ದದ್ದು ಇದನ್ನೇ. ಸಾಮಾನಿಗೆ ಕೊರತೆ ಇರುತ್ತಿರಲಿಲ್ಲ, ಅದು ಎಲ್ಲಿದೆ ಎಂದು ಬಲ್ಲವರು ಮಾತ್ರ ಒಬ್ಬರೋ ಇಬ್ಬರೋ ಇರುತ್ತಿದ್ದರು.

ದೊಡ್ಡ ಅವಘಡದ ದಿನ ಅಗ್ನಿಶಾಮಕ ವಾಹನ ನಿಮ್ಮ ಬೀದಿಗೆ ಬೇಗ ಬರಲಾರದು. ಸಿಬ್ಬಂದಿ ಹೊರಟೇ ಇರುತ್ತಾರೆ. ಆದರೆ ಒಂದೇ ಹೊತ್ತಿಗೆ ಹತ್ತಾರು ಕಡೆಯಿಂದ ಕರೆ ಬಂದಿರುತ್ತದೆ, ದಾರಿಗೆ ಅಡ್ಡಲಾಗಿ ಮರವೋ ಗೋಡೆಯೋ ಬಿದ್ದಿರುತ್ತದೆ. 1995ರ ಜನವರಿ 17ರ ಬೆಳಗಿನ ಜಾವ ಜಪಾನಿನ ಕೋಬೆ ಭೂಕಂಪದಲ್ಲಿ 6,400ಕ್ಕೂ ಹೆಚ್ಚು ಜನ ಸತ್ತರು. ಕುಸಿದ ಮನೆಗಳಡಿಯಿಂದ ಜೀವಂತ ಹೊರಬಂದವರಲ್ಲಿ ಬಹುಪಾಲು ಜನರನ್ನು ಎಳೆದು ತೆಗೆದದ್ದು ಮನೆಯವರು ಮತ್ತು ಅಕ್ಕಪಕ್ಕದವರು. ಅಲ್ಲೇ ಹತ್ತಿರದ ಅವಾಜಿ ದ್ವೀಪದ ಹೊಕುದಾನ್ ಎಂಬಲ್ಲಿ ಊರಿನ ಸ್ವಯಂಸೇವಕ ತಂಡಕ್ಕೆ ಯಾವ ಮನೆಯಲ್ಲಿ ಯಾರು ಯಾವ ಕೋಣೆಯಲ್ಲಿ ಮಲಗುತ್ತಾರೆ ಎಂಬುದೂ ಗೊತ್ತಿತ್ತು. ಎಲ್ಲಿ ಅಗೆಯಬೇಕೆಂದು ಹುಡುಕುತ್ತಾ ಕೂರಬೇಕಾಗಲಿಲ್ಲ, ನೇರವಾಗಿ ಅಲ್ಲಿಗೇ ಹೋದರು.

ಹಾಗಾಗಿ ಈ ವಾರ ಒಂದು ನೋಟ್‌ಬುಕ್ ಹಿಡಿದು ಮನೆ ಮನೆಗೆ ಹೋಗಿ. ರಾತ್ರಿ ಎಷ್ಟು ಜನ ಇರುತ್ತಾರೆ, ಹಾಸಿಗೆ ಹಿಡಿದವರಿದ್ದಾರೆಯೇ, ಕಿವಿ ಕೇಳದವರು, ಬಸುರಿಯರು, ಎಳೆಯ ಮಕ್ಕಳು, ಹಗಲು ಒಂಟಿಯಾಗಿರುವ ಹಿರಿಯರು ಯಾರು, ಎಲ್ಲ ಬರೆದುಕೊಳ್ಳಿ. ಕರೆಂಟಿನ ಮೇನ್ ಸ್ವಿಚ್ ಎಲ್ಲಿದೆ, ಗ್ಯಾಸ್ ಎಲ್ಲಿ ಬಂದ್ ಮಾಡಬೇಕು ಎಂಬುದೂ ಇರಲಿ. ನಿಮ್ಮಲ್ಲಿ ನರ್ಸ್, ಎಲೆಕ್ಟ್ರಿಷಿಯನ್, ಚೆನ್ನಾಗಿ ಈಜು ಬಲ್ಲವರು ಇದ್ದೇ ಇರುತ್ತಾರೆ. ಬಾಡಿಗೆಗೆ ಇರುವವರನ್ನು, ಕಾವಲುಗಾರರನ್ನು, ಮನೆಗೆಲಸಕ್ಕೆ ಬಂದು ಅಲ್ಲೇ ಉಳಿಯುವವರನ್ನು ದಯವಿಟ್ಟು ಬಿಡಬೇಡಿ. ಪಟ್ಟಿಯಿಂದ ಬಿಟ್ಟುಹೋಗುವವರು ಹೆಚ್ಚಾಗಿ ಇವರೇ, ಮತ್ತು ಇದು ನನಗೆ ಬಹಳ ನೋವು ಕೊಡುವ ವಿಷಯ.

ಈ ಪಟ್ಟಿ ಕಾಗದದ ಮೇಲೇ ಇರಬೇಕು. ಇನ್ನೊಬ್ಬರ ಕಾಯಿಲೆಯ ವಿವರವೂ ಅದರಲ್ಲಿರುವುದರಿಂದ ಗುಂಪಿಗೆ ಹಾಕಬೇಡಿ, ನಂಬಿಕೆಯ ಮೂರು ನಾಲ್ಕು ಜನರ ಬಳಿ ಒಂದೊಂದು ಪ್ರತಿ ಇದ್ದರೆ ಸಾಕು. ವಾಟ್ಸ್ಆ್ಯಪ್ ನಡೆಯುವುದು ಟವರ್ ಇರುವ ತನಕ, ಬ್ಯಾಟರಿ ಇರುವ ತನಕ. ಎಲ್ಲರೂ ಒಟ್ಟಿಗೆ ಫೋನ್ ಮಾಡಲು ಹೊರಟಾಗ ಕರೆ ಸಿಗದಿದ್ದರೂ ಎಸ್‌ಎಂಎಸ್ ಎಷ್ಟೋ ಸಲ ಹೋಗುತ್ತದೆ. ದೂರದ ಊರಿನ ಒಬ್ಬ ನೆಂಟರ ನಂಬರನ್ನು ಮನೆಯವರೆಲ್ಲ ಇಟ್ಟುಕೊಂಡಿದ್ದು, ಚದುರಿಹೋದಾಗ ಎಲ್ಲರೂ ಅವರಿಗೇ ಸುದ್ದಿ ಮುಟ್ಟಿಸಲಿ.

ಪ್ರತಿ ಮನೆಯಲ್ಲೂ ಒಬ್ಬರಿಗೆ ದಿನಕ್ಕೆ ಸುಮಾರು 4 ಲೀಟರ್ ಲೆಕ್ಕದಲ್ಲಿ 3 ದಿನಕ್ಕಾಗುವಷ್ಟು ನೀರು ಇರಲಿ. ಕೊನೆಯದಾಗಿ, ಒಂದು ಸಂಜೆ ಕತ್ತಲಾದ ಮೇಲೆ ದೀಪ ಆರಿಸಿ ಎಲ್ಲರೂ ಒಂದು ಬಯಲಿಗೆ ಬಂದು ಸೇರುವ ಅಭ್ಯಾಸ ಮಾಡಿ. ಯಾವ ಗೇಟಿಗೆ ಬೀಗ ಬಿದ್ದಿದೆ, ಯಾವ ಮೆಟ್ಟಿಲ ಮೇಲೆ ಸೈಕಲ್, ಹೂಕುಂಡ ಪೇರಿಸಿದ್ದಾರೆ ಎಂಬುದು ಅಂದೇ ತಿಳಿಯುತ್ತದೆ.

ಪ್ರಶ್ನೆ: ಅಮ್ಮ ಹಾಸಿಗೆ ಹಿಡಿದಿದ್ದಾರೆ, ಆಕ್ಸಿಜನ್ ಯಂತ್ರ ಬೇಕೇ ಬೇಕು. ನಮ್ಮದು ಮೂರನೇ ಮಹಡಿ. ಏನಾದರೂ ಆದರೆ ಇವರನ್ನು ಹೇಗೆ ಇಳಿಸಲಿ ಎಂದು ನಿದ್ದೆ ಬರುವುದಿಲ್ಲ.
- ಒಬ್ಬ ಮಗಳು

ಉತ್ತರ: ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ ಅಮ್ಮಾ. ನೆರೆ, ಚಂಡಮಾರುತಗಳ ಮುನ್ಸೂಚನೆ ಬಂದಾಗ ಉಳಿದವರು ಕಾದು ನೋಡಬಹುದು, ನೀವು ಕಾಯಬೇಡಿ. ಮೊದಲ ಎಚ್ಚರಿಕೆಗೇ, ಬೆಳಕಿರುವಾಗಲೇ, ಲಿಫ್ಟ್ ನಡೆಯುತ್ತಿರುವಾಗಲೇ ಅಮ್ಮನನ್ನು ಸುರಕ್ಷಿತ ಜಾಗಕ್ಕೆ ಸೇರಿಸಿ. ಎಲ್ಲಿಗೆ ಹೋಗುವುದು ಎಂಬುದು ಇಂದೇ ತೀರ್ಮಾನವಾಗಿರಲಿ.

ಬೆಂಕಿ, ಭೂಕಂಪ ಹೇಳಿ ಬರುವುದಿಲ್ಲ. ಅದಕ್ಕಾಗಿ ನಿಮ್ಮದೇ ಕಟ್ಟಡದ ಎರಡು ಮನೆಯವರನ್ನು ಕೇಳಿಕೊಳ್ಳಿ. ಒಂದು ಮನೆಯವರು ಆ ಹೊತ್ತಿಗೆ ಹೊರಗೆ ಹೋಗಿದ್ದರೂ ಇನ್ನೊಂದು ಮನೆಯವರು ಇರುತ್ತಾರೆ. ಗಟ್ಟಿ ಕುರ್ಚಿಯಲ್ಲಿ ಕೂರಿಸಿ ಒಬ್ಬರು ಬೆನ್ನಿನ ಕಡೆ, ಒಬ್ಬರು ಕಾಲಿನ ಕಡೆ ಹಿಡಿದು ಇಳಿಸಬಹುದು. ಕೂರಲಾರದವರನ್ನು ದಪ್ಪ ಕಂಬಳಿಯಲ್ಲಿ ನಾಲ್ಕು ಜನ ಎತ್ತಬೇಕು. ಅಮ್ಮನ ಬದಲು ಮನೆಯ ಯಾರಾದರೂ ಹುಡುಗನನ್ನು ಕೂರಿಸಿ ಒಮ್ಮೆ ಮಾಡಿ ನೋಡಿ, ಮೆಟ್ಟಿಲ ತಿರುವಿನಲ್ಲೇ ಕಷ್ಟ. ಕೇಳಿದರೆ ಏನಂದುಕೊಳ್ಳುತ್ತಾರೋ ಎಂಬ ಸಂಕೋಚ ಬೇಡ. ಇಂಥ ಸಹಾಯ ಕೇಳಿದಾಗ ಜನ ಆಗುವುದಿಲ್ಲ ಎಂದದ್ದನ್ನು ನಾನು ಕಂಡಿಲ್ಲ.

ಯಂತ್ರಕ್ಕೆ ಎಷ್ಟು ಹೊತ್ತಿನ ಬ್ಯಾಟರಿ ಇದೆ ಎಂದು ಮಾರಿದವರನ್ನೇ ಕೇಳಿ. ಕರೆಂಟಿಲ್ಲದೆಯೂ ನಡೆಯುವ ಒಂದು ಸಿಲಿಂಡರ್ ಇಟ್ಟುಕೊಳ್ಳುವ ಬಗ್ಗೆ ವೈದ್ಯರ ಜೊತೆ ಮಾತಾಡಿ. ಜನರೇಟರ್ ತರಿಸುವುದಾದರೆ ಅದನ್ನು ಮನೆಯೊಳಗಾಗಲಿ, ಬಾಲ್ಕನಿಯಲ್ಲಾಗಲಿ, ಕಿಟಕಿಯ ಹತ್ತಿರವಾಗಲಿ ಎಂದೂ ಓಡಿಸಬೇಡಿ. ಅದರ ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಚಂಡಮಾರುತದಲ್ಲಿ ಬದುಕಿ ಉಳಿದವರು ಆಮೇಲೆ ಈ ಅನಿಲಕ್ಕೆ ಸಿಕ್ಕಿ ಸತ್ತದ್ದುಂಟು.

ಪ್ರಶ್ನೆ: ಕಣ್ಣೆದುರೇ ಒಬ್ಬರು ಕೊಚ್ಚಿಹೋಗುತ್ತಿದ್ದರೆ ಯೋಚಿಸುತ್ತಾ ನಿಲ್ಲಲು ಆಗುತ್ತದೆಯೇ ಸಾರ್? ತರಬೇತಿ ಇಲ್ಲ ಎಂದು ಸುಮ್ಮನಿರಬೇಕೇ?
- ಕಾಲೇಜು ವಿದ್ಯಾರ್ಥಿ

ಉತ್ತರ: ಸುಮ್ಮನಿರಬೇಡ ತಮ್ಮಾ, ಆದರೆ ನೀರಿಗೂ ಇಳಿಯಬೇಡ. ಹರಿಯುವ ನೀರು 15 ಸೆಂಟಿಮೀಟರ್ ಇದ್ದರೂ ದೊಡ್ಡವರನ್ನು ಬೀಳಿಸಬಲ್ಲದು. 30 ಸೆಂಟಿಮೀಟರ್ ನೀರಿಗೆ ಸಣ್ಣ ಕಾರು ಕೊಚ್ಚಿಹೋಗಬಹುದು. ದಡದಲ್ಲೇ ಮಲಗಿ ಉದ್ದನೆಯ ಗಳ ಚಾಚು, ಹಗ್ಗ ಎಸೆ, ಮುಚ್ಚಳ ಬಿಗಿದ ಖಾಲಿ ಕ್ಯಾನ್ ಎಸೆ. ಹಗ್ಗವನ್ನು ನಿನ್ನ ಸೊಂಟಕ್ಕೆ ಎಂದೂ ಕಟ್ಟಿಕೊಳ್ಳಬೇಡ, ರಭಸದ ನೀರಿನಲ್ಲಿ ಆ ಹಗ್ಗವೇ ಮುಳುಗಿಸುತ್ತದೆ.

1985ರ ಸೆಪ್ಟೆಂಬರ್ 19ರಂದು ಮೆಕ್ಸಿಕೋ ನಗರದಲ್ಲಿ ಭೂಕಂಪವಾದಾಗ ತರಬೇತಿಯಿಲ್ಲದ ಸಾಮಾನ್ಯ ಜನ ಅವಶೇಷಗಳಿಗೆ ನುಗ್ಗಿ 800ಕ್ಕೂ ಹೆಚ್ಚು ಜನರನ್ನು ಉಳಿಸಿದರು. ಹಾಗೆ ನುಗ್ಗಿದವರಲ್ಲಿ ನೂರಕ್ಕೂ ಹೆಚ್ಚು ಮಂದಿ ತಾವೇ ಸತ್ತರು. ಅಲ್ಲಿಗೆ ಹೋಗಿ ನೋಡಿಬಂದ ಲಾಸ್ ಏಂಜಲೀಸ್ ಅಗ್ನಿಶಾಮಕ ಇಲಾಖೆ ತನ್ನ ನಾಗರಿಕರಿಗೆ ತರಬೇತಿ ಕೊಡಲು ಶುರುಮಾಡಿತು. ಆ ನೂರು ಜನರ ಧೈರ್ಯಕ್ಕೆ ಯಾರೂ ಬೆಲೆ ಕಟ್ಟಲಾಗದು. ಅವರ ಕೈಗೆ ಒಂದಿಷ್ಟು ತರಬೇತಿ ಮೊದಲೇ ಸಿಕ್ಕಿದ್ದರೆ ಎಂದು ನಾನು ಪ್ರತಿ ತರಗತಿಯಲ್ಲೂ ಹೇಳುತ್ತೇನೆ.

ಆದ್ದರಿಂದ ಪ್ರಥಮ ಚಿಕಿತ್ಸೆಯ ತರಗತಿಗೆ ಸೇರು. ರಕ್ತ ಸುರಿಯುವ ಗಾಯವನ್ನು ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯುವುದು, ನಿಂತಿತೇ ಎಂದು ಮತ್ತೆ ಮತ್ತೆ ಎತ್ತಿ ನೋಡದಿರುವುದು ಮೊದಲ ಪಾಠ. ಉಸಿರಾಟ ನಿಂತವರ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ನೀರಿನಿಂದ ತೆಗೆದವರಿಗೆ ಬಾಯಿಯಿಂದ ಉಸಿರನ್ನೂ ಕೊಡಬೇಕಾಗುತ್ತದೆ. ಇದನ್ನು ಓದಿ ಕಲಿಯಲಾಗದು, ಗೊಂಬೆಯ ಮೇಲೆ ಕೈಯಾರೆ ಒತ್ತಿ ಕಲಿಯಬೇಕು.

ಪ್ರಶ್ನೆ: ಚಿಕ್ಕ ಮಕ್ಕಳಿಗೆ ಇದನ್ನೆಲ್ಲ ಹೇಳಿದರೆ ಹೆದರುವುದಿಲ್ಲವೇ?
- ಇಬ್ಬರು ಮಕ್ಕಳ ತಂದೆ

ಉತ್ತರ: ಏನು ಮಾಡಬೇಕೆಂದು ಗೊತ್ತಿಲ್ಲದ ಮಗುವೇ ಹೆಚ್ಚು ಹೆದರುತ್ತದೆ. ಇಂಡೋನೇಷ್ಯದ ಸಿಮೆಲೂ ದ್ವೀಪದಲ್ಲಿ 1907ರ ಸುನಾಮಿಯ ನೆನಪನ್ನು ಹಿರಿಯರು ಮಕ್ಕಳಿಗೆ ಕಥೆಯಾಗಿ ಹೇಳುತ್ತಾ ಬಂದಿದ್ದರು: ನೆಲ ಜೋರಾಗಿ ನಡುಗಿ ಸಮುದ್ರ ಹಿಂದೆ ಸರಿದರೆ ಗುಡ್ಡ ಹತ್ತು. 2004ರ ಡಿಸೆಂಬರ್ 26ರಂದು ಯಾರ ಸೂಚನೆಗೂ ಕಾಯದೆ ಜನ ಗುಡ್ಡ ಹತ್ತಿದರು. ಸುಮಾರು 78,000 ಜನರಿದ್ದ ಆ ದ್ವೀಪದಲ್ಲಿ ಸತ್ತವರು 7 ಮಂದಿ.

ನಿಮ್ಮ ಮಕ್ಕಳಿಗೆ ಅಪ್ಪ, ಅಮ್ಮನ ಪೂರ್ತಿ ಹೆಸರು, ಒಂದು ಫೋನ್ ನಂಬರು ಬಾಯಿಪಾಠ ಮಾಡಿಸಿ. ಶಾಲೆಯಿಂದ ಕರೆತರಲು ನಿಮ್ಮಿಂದ ಆಗದ ದಿನ ಯಾರು ಬರುತ್ತಾರೆ ಎಂದು ಹೇಳಿರಿ, ಆ ಹೆಸರನ್ನು ಶಾಲೆಗೂ ಬರೆದುಕೊಡಿ.